ಜಿಮ್ ಇಲ್ಲದ ಶಾಲೆ, 28 ಪ್ರಶಸ್ತಿ: ಕೋಚ್ ಬಾಬ್ ಹರ್ಲಿ ಕತೆ



ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 1,184 ಗೆಲುವು, 125 ಸೋಲು. ಅಂದ್ರೆ ಹತ್ತು ಪಂದ್ಯ ಆಡಿದ್ರೆ ಒಂಬತ್ತು ಗೆಲುವು. ಇದು ಒಂದೆರಡು ವರ್ಷದ ಲೆಕ್ಕ ಅಲ್ಲ, 45 ವರ್ಷದ್ದು. 28 ರಾಜ್ಯ ಪ್ರಶಸ್ತಿ. ಎಂಟು ಸಲ ಇಡೀ ಸೀಸನ್‌ನಲ್ಲಿ ಒಂದೂ ಸೋಲಿಲ್ಲ. ಈ ದಾಖಲೆ ಇರೋದು ಯಾವುದೋ ದೊಡ್ಡ ಕ್ಲಬ್ಬಿನ ಹೆಸರಲ್ಲಿ ಅಲ್ಲ. ಅಮೆರಿಕದ ಜರ್ಸಿ ಸಿಟಿಯ ಸೇಂಟ್ ಆಂಥನಿ ಅನ್ನೋ ಪುಟ್ಟ ಹೈಸ್ಕೂಲು. ಆಟ ಬ್ಯಾಸ್ಕೆಟ್‌ಬಾಲ್. ಕೋಚ್ ಹೆಸರು ಬಾಬ್ ಹರ್ಲಿ.

ಇಷ್ಟೆಲ್ಲ ಗೆದ್ದ ಆ ಶಾಲೆ ಈಗ ಇಲ್ಲ. 2017ರಲ್ಲಿ ಮುಚ್ಚಿತು. ಹಾಗಾದ್ರೆ ಹರ್ಲಿ ಕೊನೆಗೆ ಗೆದ್ದರಾ, ಸೋತರಾ? ಇವತ್ತಿನ ಮಾತು ಇದರ ಬಗ್ಗೆ.

ಮೊದಲು ಊರು ನೋಡೋಣ. ಜರ್ಸಿ ಸಿಟಿ ಅಂದ್ರೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಎದುರುಗಡೆ, ಹಡ್ಸನ್ ನದಿಯ ಈಚೆ ದಡ. ಇವತ್ತು ಅಲ್ಲಿ ಗಾಜಿನ ಟವರ್‌ಗಳಿವೆ, ಬ್ಯಾಂಕ್ ಆಫೀಸುಗಳಿವೆ, ಬೆಂಗಳೂರಿಂದ ಹೋದ ಸಾಫ್ಟ್‌ವೇರ್ ಮಂದಿ ಕೂಡ ಇದ್ದಾರೆ. ಅಲ್ಲಿನ ನ್ಯೂವರ್ಕ್ ಅವೆನ್ಯೂ ರಸ್ತೆಯ ಒಂದು ಭಾಗಕ್ಕೆ ಇಂಡಿಯಾ ಸ್ಕ್ವೇರ್ ಅಂತಲೇ ಹೆಸರು. ದೋಸೆ, ಸೀರೆ, ಬೇಳೆ, ಮಸಾಲೆ ಎಲ್ಲ ಸಿಗುತ್ತೆ. ಆದರೆ ಹರ್ಲಿ ಹುಟ್ಟಿದ 1947ರಲ್ಲಿ ಅದು ರೈಲ್ವೆ ಯಾರ್ಡ್, ಹಡಗುಕಟ್ಟೆ, ಕಾರ್ಖಾನೆಗಳ ಊರು. ಐರಿಷ್, ಪೋಲಿಷ್, ಇಟಾಲಿಯನ್ ಕಾರ್ಮಿಕ ಕುಟುಂಬಗಳ ಊರು. ಹರ್ಲಿ ತಂದೆ ಅಲ್ಲಿಯ ಪೊಲೀಸ್.

ಆಮೇಲೆ ಆ ಊರು ನಿಧಾನಕ್ಕೆ ಸೊರಗಿತು. ರೈಲ್ವೆ ಕಂಪನಿಗಳು ದಿವಾಳಿ ಆದವು. ಹಡಗುಕಟ್ಟೆ ಕೆಲಸ ಬೇರೆ ಕಡೆ ಹೋಯ್ತು. ನಾವು ದಿನಾ ಬೆಳಿಗ್ಗೆ ಹಲ್ಲುಜ್ಜೋ ಕೋಲ್ಗೇಟ್ ಇದೆಯಲ್ಲ, ಅದರ ದೊಡ್ಡ ಕಾರ್ಖಾನೆ ಇದ್ದದ್ದು ಇಲ್ಲೇ. ಅದೂ 1980ರ ದಶಕದಲ್ಲಿ ಮುಚ್ಚಿತು. ಕೆಲಸ ಹೋದ ಊರಲ್ಲಿ ಏನಾಗುತ್ತೆ? ಕಾಸಿದ್ದವರು ಬೇರೆ ಊರಿಗೆ ಹೋದರು. ಇಲ್ಲದವರು ಉಳಿದರು. ಬೀದಿಗೆ ಡ್ರಗ್ಸ್ ಬಂತು. ಅದರ ಹಿಂದೆ ಜೈಲು ಬಂತು.

ಇಲ್ಲಿಂದ ಹರ್ಲಿ ಕತೆ ಶುರು. 1972ರಲ್ಲಿ ಅವರು ಸೇಂಟ್ ಆಂಥನಿ ತಂಡದ ಮುಖ್ಯ ಕೋಚ್ ಆದರು. ವಯಸ್ಸು 25. ಆದರೆ ಅದು ಹೊಟ್ಟೆಪಾಡಿನ ಕೆಲಸ ಅಲ್ಲ. ಅವರ ನಿಜವಾದ ನೌಕರಿ ಬೇರೆ ಇತ್ತು. ಅವರು ಹಡ್ಸನ್ ಕೌಂಟಿಯ ಪ್ರೊಬೇಷನ್ ಆಫೀಸರ್. ಅಂದ್ರೆ, ತಪ್ಪು ಮಾಡಿ ಸಿಕ್ಕಿಬಿದ್ದ ಒಬ್ಬನನ್ನ ಕೋರ್ಟ್ ಜೈಲಿಗೆ ಹಾಕದೆ, ಷರತ್ತು ಹಾಕಿ ಹೊರಗೆ ಬಿಡುತ್ತೆ. ಅವನು ಸರಿಯಾಗಿ ಇದ್ದಾನಾ, ಕೆಲಸಕ್ಕೆ ಹೋಗ್ತಿದ್ದಾನಾ, ಮತ್ತೆ ಹಳೇ ಸಹವಾಸಕ್ಕೆ ಬಿದ್ದನಾ ಅಂತ ನೋಡ್ಕೊಳ್ಳೋ ಅಧಿಕಾರಿ. ಸುಮಾರು ಮೂರು ದಶಕ ಈ ಕೆಲಸ ಮಾಡಿದರು.

ಈಗ ಈ ಎರಡು ಕೆಲಸನ ಪಕ್ಕ ಪಕ್ಕ ಇಟ್ಟು ನೋಡಿ. ಹಗಲಲ್ಲಿ ಅವರ ಟೇಬಲ್ ಮುಂದೆ ಕೂರ್ತಾ ಇದ್ದದ್ದು ದಾರಿ ತಪ್ಪಿದ ಹುಡುಗರು. ಸಂಜೆ ಅವರ ಮುಂದೆ ನಿಲ್ತಾ ಇದ್ದದ್ದು ಅದೇ ಬೀದಿಯ, ಇನ್ನೂ ದಾರಿ ತಪ್ಪದ ಹುಡುಗರು. ಹದಿನಾರು ವರ್ಷದ ಒಬ್ಬ ಪ್ರಾಕ್ಟೀಸ್ ತಪ್ಪಿಸಿಕೊಂಡರೆ ಅದು ಮುಂದೆ ಎಲ್ಲಿಗೆ ಹೋಗಿ ನಿಲ್ಲಬಹುದು ಅಂತ ಹರ್ಲಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಳಿಗ್ಗೆ ತಾನೇ ಅಂಥವನ ಫೈಲ್ ಓದಿ ಬಂದಿರ್ತಿದ್ದರು.

ಇನ್ನು ಶಾಲೆ. 1952ರಲ್ಲಿ ಶುರುವಾದ ಕ್ಯಾಥೊಲಿಕ್ ಶಾಲೆ, ಪೋಲಿಷ್ ಚರ್ಚಿಗೆ ಸೇರಿದ್ದು. ನಡೆಸುತ್ತಿದ್ದವರು ಫೆಲಿಸಿಯನ್ ಪಂಗಡದ ಸನ್ಯಾಸಿನಿಯರು. ಮಕ್ಕಳು ಕೆಲವೇ ನೂರು. ತುಂಬಾ ಜನ ಬಡವರ ಮನೆಯವರು, ಅದರಲ್ಲೂ ಕಪ್ಪು ಜನಾಂಗದ ಕುಟುಂಬದವರು ಹೆಚ್ಚು. ಶಾಲೆಗೆ ಸ್ವಂತ ಜಿಮ್ ಇರಲಿಲ್ಲ. ನಮ್ಮಲ್ಲಿ ಮೈದಾನ ಇಲ್ಲದ ಶಾಲೆ ಇರ್ತವಲ್ಲ, ಹಾಗೆ. ಹಾಗಾದ್ರೆ ದೇಶದ ಅತ್ಯುತ್ತಮ ಹೈಸ್ಕೂಲ್ ತಂಡ ಪ್ರಾಕ್ಟೀಸ್ ಮಾಡ್ತಿದ್ದದ್ದು ಎಲ್ಲಿ?

ವೈಟ್ ಈಗಲ್ ಹಾಲ್‌ನಲ್ಲಿ. ಪೋಲಿಷ್ ವಲಸಿಗರು 1910ರಲ್ಲಿ ಕಟ್ಟಿದ ಸಭಾಂಗಣ ಅದು. ಬಿಳಿ ಹದ್ದು ಪೋಲೆಂಡಿನ ಲಾಂಛನ, ಅದಕ್ಕೇ ಆ ಹೆಸರು. ಈ ಹಾಲ್ ಇರೋದು ನಾವು ಆಗಲೇ ಹೇಳಿದ ನ್ಯೂವರ್ಕ್ ಅವೆನ್ಯೂದಲ್ಲೇ. ಅಲ್ಲಿ ಬಿಂಗೊ ಆಟ ನಡೀತಿತ್ತು. ನಮ್ಮ ಹೌಸಿ, ತಂಬೋಲಾ ಥರದ್ದು. ಶಾಲೆಗೆ ದುಡ್ಡು ಎತ್ತೋದಕ್ಕೆ ಅದೂ ಒಂದು ದಾರಿ. ಹುಡುಗರು ಬಿಂಗೊ ಕುರ್ಚಿ, ಟೇಬಲ್ ಎಲ್ಲ ಬದಿಗೆ ಸರಿಸಿ ಪ್ರಾಕ್ಟೀಸ್ ಮಾಡಬೇಕಿತ್ತು. ಹಳೇ ಮರದ ನೆಲ, ಇಕ್ಕಟ್ಟಾದ ಜಾಗ. ಹರ್ಲಿ ಅಲ್ಲಿ ಹೇಳಿಕೊಟ್ಟಿದ್ದು ಅದೇ ಅದೇ ಮೂಲಪಾಠ: ಡಿಫೆನ್ಸ್ ಹೇಗೆ ನಿಲ್ಲಬೇಕು, ಎರಡೂ ಕೈಯಲ್ಲಿ ಬಾಲ್ ಹೇಗೆ ಹಾಕಬೇಕು, ಚೆಂಡು ಇಲ್ಲದಾಗ ಎಲ್ಲಿ ಓಡಬೇಕು.

ಬ್ಯಾಸ್ಕೆಟ್‌ಬಾಲ್‌ಗೆ ಇಷ್ಟೊಂದು ಒದ್ದಾಟ ಯಾಕೆ ಅಂತ ಕೇಳಬಹುದು. ಅಮೆರಿಕದಲ್ಲಿ ಕಾಲೇಜು ಫೀಸ್ ಅಂದ್ರೆ ಮನೆ ಮಾರಬೇಕಾದಷ್ಟು. ಆದರೆ ಚೆನ್ನಾಗಿ ಆಡೋ ಹುಡುಗನಿಗೆ ದೊಡ್ಡ ಕಾಲೇಜುಗಳು ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತವೆ. ಓದು, ಊಟ, ವಸತಿ ಎಲ್ಲ ಉಚಿತ. ಸೇಂಟ್ ಆಂಥನಿ ಹುಡುಗನಿಗೆ ಚೆಂಡು ಅಂದ್ರೆ ಊರಿಂದ ಹೊರಗೆ ಹೋಗೋ ಟಿಕೆಟ್. ಹರ್ಲಿ ಕೈಯಲ್ಲಿ ಬೆಳೆದ 150ಕ್ಕೂ ಹೆಚ್ಚು ಹುಡುಗರು ಮೇಲ್ದರ್ಜೆಯ ಕಾಲೇಜು ತಂಡಗಳಿಗೆ ಹೀಗೆ ಸ್ಕಾಲರ್‌ಶಿಪ್ ಪಡೆದರು. ಉಳಿದವರಲ್ಲೂ ಬಹುತೇಕ ಎಲ್ಲರೂ ಕಾಲೇಜು ಮೆಟ್ಟಿಲು ಹತ್ತಿದರು. ಅವರ ಮನೆಗಳಲ್ಲಿ ಎಷ್ಟೋ ಜನಕ್ಕೆ ಅದೇ ಮೊದಲ ಸಲ.

ಹಾಗಂತ ಹರ್ಲಿ ಪ್ರೀತಿಯಿಂದ ಬೆನ್ನು ತಟ್ಟೋ ಮೇಷ್ಟ್ರು ಅಂದ್ಕೊಬೇಡಿ. ಪ್ರಾಕ್ಟೀಸಲ್ಲಿ ಅವರ ಗಂಟಲಿಗೆ ಇಡೀ ಹಾಲ್ ನಡುಗ್ತಿತ್ತು. ಬೈಗುಳ ಅಂದ್ರೆ ಬೈಗುಳ. ಅವರ ಮೇಲೆ ಬಂದ ಪುಸ್ತಕ, ಡಾಕ್ಯುಮೆಂಟರಿ ಎರಡರಲ್ಲೂ ಇದು ಮುಚ್ಚುಮರೆ ಇಲ್ಲದೆ ಬಂದಿದೆ. ಇವತ್ತು ಯಾವುದೇ ಕೋಚ್ ಹಾಗೆ ಕೂಗಾಡಿದ್ರೆ ಯಾರೋ ಫೋನಲ್ಲಿ ರೆಕಾರ್ಡ್ ಮಾಡಿ ಹಾಕ್ತಾರೆ, ಹಾಕಲೂಬೇಕು ಅನ್ನೋ ವಾದ ಇದೆ. ನಾನೂ ಆ ಧ್ವನಿಗೆ ಕೈಮುಗಿಯೋ ಪೈಕಿ ಅಲ್ಲ. ಆದರೆ ಒಂದು ಮಾತು ನಿಜ. ಕೂಗಾಡಿ ಮನೆಗೆ ಹೋಗಿ ಮರೆತುಬಿಡೋ ಕೋಚ್ ಬೇರೆ. ಅದೇ ಹುಡುಗನ ಮಾರ್ಕ್ಸ್ ನೋಡಿ, ಅವನಿಗೆ ಕಾಲೇಜು ಹುಡುಕೋ ಕೋಚ್ ಬೇರೆ. ಹರ್ಲಿ ಎರಡನೇ ಪೈಕಿ. ಹಳೇ ಆಟಗಾರರು ವರ್ಷಗಳಾದ ಮೇಲೂ ಅವರನ್ನ ಹುಡುಕ್ಕೊಂಡು ಬರ್ತಿದ್ದದ್ದು ಅದಕ್ಕೇ.

ಇಷ್ಟು ಗೆದ್ದ ಮೇಲೆ ದೊಡ್ಡ ಕಾಲೇಜುಗಳು ಸುಮ್ಮನಿರ್ತವಾ? ಕರೆ ಬಂತು. ದುಡ್ಡು, ಹೆಸರು, ಟಿವಿ ಎಲ್ಲ ಇತ್ತು. ಹರ್ಲಿ ಹೋಗಲಿಲ್ಲ. ಕಾರಣದಲ್ಲಿ ಅರ್ಧ ಆ ಹುಡುಗರು, ಇನ್ನರ್ಧ ಮನೆ. ಕಾಲೇಜು ಕೋಚ್ ಅಂದ್ರೆ ವರ್ಷಪೂರ್ತಿ ಸೂಟ್‌ಕೇಸ್ ಬದುಕು. ಹೆಂಡತಿ ಕ್ರಿಸ್, ಮಕ್ಕಳು ಬಾಬಿ, ಡ್ಯಾನಿ, ಮೆಲಿಸ್ಸಾ. ಎಲ್ಲರೂ ಅದೇ ಊರಲ್ಲೇ ಇದ್ದರು. ತಂಡದ ಪಂದ್ಯಗಳಿಗೆ ಸ್ಕೋರ್‌ಬುಕ್ ಬರೀತಿದ್ದದ್ದೂ ಕ್ರಿಸ್ ಅವರೇ. ಆ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಪ್ಪನ ಕೆಲಸ ಆಗಿರಲಿಲ್ಲ, ಮನೆಯವರೆಲ್ಲರ ಸಂಸಾರ ಆಗಿತ್ತು.

ಇಬ್ಬರು ಗಂಡುಮಕ್ಕಳೂ ಅಪ್ಪನ ತಂಡದಲ್ಲೇ ಆಡಿದರು. ದೊಡ್ಡವನು ಬಾಬಿ. 1989ರಲ್ಲಿ ಅವನಿದ್ದ ತಂಡ 32 ಪಂದ್ಯ ಆಡಿ 32ನ್ನೂ ಗೆದ್ದಿತು. ಪತ್ರಿಕೆಗಳ ಪಟ್ಟಿಯಲ್ಲಿ ದೇಶಕ್ಕೇ ನಂಬರ್ ಒನ್. ಬಾಬಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಗಿ 1991, 1992ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಕಾಲೇಜು ಮುಗಿಸುವಾಗ 1,076 ಅಸಿಸ್ಟ್, ಅದು ಆಗ ದಾಖಲೆ. 1993ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ಏಳನೇ ಆಯ್ಕೆಯಾಗಿ ಕರೆಸಿಕೊಂಡಿತು. ಅಪ್ಪ ಅಮ್ಮಂಗೆ ಇನ್ನೇನು ಬೇಕು?

ಆದರೆ ಅದೇ ವರ್ಷದ ಡಿಸೆಂಬರ್. ಅತ್ತ ಚಿಕ್ಕವನು ಡ್ಯಾನಿ, ಸೀಟನ್ ಹಾಲ್ ಕಾಲೇಜಲ್ಲಿ ಆಡ್ತಿದ್ದ. ಎಲ್ಲಿ ಹೋದರೂ ಬಾಬಿ ತಮ್ಮ, ಹರ್ಲಿ ಮಗ. ಎದುರು ತಂಡದ ಪ್ರೇಕ್ಷಕರ ಗೇಲಿ. ತಡೆಯೋಕೆ ಆಗದೆ ಡ್ಯಾನಿ ತಂಡದಿಂದ ಹಿಂದೆ ಸರಿದರು. ಆಗ ಮಾನಸಿಕವಾಗಿ ತೀರಾ ಕುಗ್ಗಿ ಹೋಗಿದ್ದೆ ಅಂತ ಮುಂದೆ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಅದಾಗಿ ಕೆಲವೇ ದಿನ. ಡಿಸೆಂಬರ್ 12ರ ರಾತ್ರಿ ಪಂದ್ಯ ಮುಗಿಸಿ ಮನೆಗೆ ಹೊರಟ ಬಾಬಿ ಕಾರಿಗೆ, ಹೆಡ್‌ಲೈಟ್ ಇಲ್ಲದೆ ಬಂದ ಇನ್ನೊಂದು ಗಾಡಿ ಗುದ್ದಿತು. ಬಾಬಿ ಕಾರಿಂದ ಹೊರಗೆ ಎಸೆಯಲ್ಪಟ್ಟರು. ಶ್ವಾಸಕೋಶಕ್ಕೆ ಹೋಗೋ ಕೊಳವೆಯೇ ಹರಿದಿತ್ತು. ಬದುಕಿ ಉಳಿದದ್ದೇ ಹೆಚ್ಚು.

ಒಂದೇ ತಿಂಗಳಲ್ಲಿ ಇಬ್ಬರು ಮಕ್ಕಳು ಎರಡು ಥರ ಮುರಿದು ಬಿದ್ದಿದ್ದರು. ಅಲ್ಲಿವರೆಗೂ ಊರಿನ ಹುಡುಗರನ್ನ ಎತ್ತಿ ನಿಲ್ಲಿಸಿದ ಮನೆ, ಈಗ ತನ್ನ ಮಕ್ಕಳನ್ನ ಎತ್ತಬೇಕಾಯ್ತು. ಇಲ್ಲಿ ಯಾವ ಸ್ಕೋರ್‌ಬೋರ್ಡೂ ಇಲ್ಲ. ಬಾಬಿ ಮುಂದಿನ ಸೀಸನ್‌ಗೆ ಅಂಗಳಕ್ಕೆ ಮರಳಿದರು, ಆದರೆ ಮೊದಲಿನ ಆಟಗಾರ ಆಗಲಿಲ್ಲ. ಡ್ಯಾನಿಯೂ ವಾಪಸ್ ಬಂದು ಕಾಲೇಜು ಆಟ ಮುಗಿಸಿದರು. ಆಮೇಲೆ ಇಬ್ಬರೂ ಆರಿಸಿಕೊಂಡದ್ದು ಯಾವ ಕೆಲಸ ಹೇಳಿ? ಅಪ್ಪನ ಕೆಲಸ. ಡ್ಯಾನಿ 2001ರಿಂದ ಒಂಬತ್ತು ವರ್ಷ ಪಕ್ಕದ ನ್ಯೂವರ್ಕ್ ನಗರದಲ್ಲಿ ಹೈಸ್ಕೂಲ್ ಕೋಚ್ ಆಗಿದ್ದರು. ಮುಂದೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಆಗಿ 2023, 2024ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಬಾಬಿ 2015ರಲ್ಲಿ ಅರಿಝೋನಾ ಸ್ಟೇಟ್ ತಂಡದ ಕೋಚ್ ಆದರು.

ಇತ್ತ ಅಪ್ಪನಿಗೆ 2010ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಗೌರವ. ಹೈಸ್ಕೂಲ್ ಕೋಚ್‌ಗಳಿಗೆ ಅದು ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ. 2011ರ ಫೆಬ್ರವರಿಯಲ್ಲಿ ಸಾವಿರದ ಗೆಲುವು. ಆ ಕಾಲದ ತಂಡದಲ್ಲಿ ಕೈಲ್ ಆ್ಯಂಡರ್ಸನ್ ಅಂತ ಒಬ್ಬ ಹುಡುಗ ಇದ್ದ. ನಿಧಾನಕ್ಕೆ ಆಡ್ತಾನೆ ಅಂತ ಅವನಿಗೆ ಸ್ಲೋ ಮೋ ಅಂತ ಅಡ್ಡಹೆಸರು. ಅವನ ಕೊನೆಯ ಎರಡು ಸೀಸನ್‌ನಲ್ಲಿ ಸೇಂಟ್ ಆಂಥನಿ 65 ಪಂದ್ಯ ಆಡಿತು, ಒಂದನ್ನೂ ಸೋಲಲಿಲ್ಲ. ಆ ಸ್ಲೋ ಮೋ ಮುಂದೆ ಎನ್‌ಬಿಎಗೆ ಹೋದ.

ಗೆಲುವಿಗೆ ಬರ ಇರಲಿಲ್ಲ. ಬರ ಇದ್ದದ್ದು ದುಡ್ಡಿಗೆ. ಇಲ್ಲಿ ಸ್ವಲ್ಪ ಗಮನ ಕೊಡಿ. ಹಿಂದೆ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಸನ್ಯಾಸಿನಿಯರು ಅಲ್ಪ ಸಂಬಳಕ್ಕೆ ಪಾಠ ಮಾಡ್ತಿದ್ದರು. ಚರ್ಚಿಗೆ ಬರೋ ಕುಟುಂಬಗಳು ಶಾಲೆ ನಡೆಸೋಕೆ ಕೈಜೋಡಿಸ್ತಿದ್ದವು. ಕಾಲಕ್ರಮೇಣ ಸನ್ಯಾಸಿನಿಯರ ಸಂಖ್ಯೆ ಕರಗಿತು, ಹಳೇ ಕುಟುಂಬಗಳು ಊರು ಬಿಟ್ಟವು. ಸಂಬಳದ ಶಿಕ್ಷಕರು ಬೇಕಾಯ್ತು, ಖರ್ಚು ಏರಿತು. ಫೀಸ್ ಏರಿಸಿದ್ರೆ ಬಡ ಮಕ್ಕಳು ಬರೋಕೆ ಆಗಲ್ಲ. ಏರಿಸದಿದ್ರೆ ಶಾಲೆ ನಡೆಯಲ್ಲ. ನಗರಗಳ ಇಂಥ ಶಾಲೆಗಳು ಒಂದೊಂದಾಗಿ ಬೀಗ ಹಾಕಿದವು. ಹರ್ಲಿ ವರ್ಷಾನುಗಟ್ಟಲೆ ಸಮಾರಂಭಗಳಲ್ಲಿ ಭಾಷಣ ಮಾಡಿ, ದಾನಿಗಳ ಬಾಗಿಲು ತಟ್ಟಿ ದುಡ್ಡು ತಂದರು. 2016ರಲ್ಲಿ ಅವರ ತಂಡ 32 ಪಂದ್ಯಕ್ಕೆ 32 ಗೆದ್ದು ನಿಂತಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಘೋಷಣೆ ಬಂತು, ಜೂನ್‌ಗೆ ಶಾಲೆ ಮುಚ್ಚುತ್ತೆ ಅಂತ.

ವ್ಯಂಗ್ಯ ನೋಡಿ. ಊರು ಬಡವಾಗಿದ್ದಾಗ ನಡೀತಿದ್ದ ಶಾಲೆ, ಊರಿಗೆ ದುಡ್ಡು ಬಂದ ಮೇಲೆ ಮುಚ್ಚಿತು. ಸುತ್ತ ಕೋಟಿಗಟ್ಟಲೆ ಬೆಲೆಯ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಬಿಂಗೊ ಕುರ್ಚಿ ಸರಿಸಿ ಪ್ರಾಕ್ಟೀಸ್ ಮಾಡಿದ ವೈಟ್ ಈಗಲ್ ಹಾಲ್ ಕೂಡ ಅದೇ 2017ರಲ್ಲಿ ಚೆಂದವಾಗಿ ರಿಪೇರಿಯಾಗಿ ಸಂಗೀತ ಕಛೇರಿಗಳ ಜಾಗ ಆಗಿ ತೆರೆಯಿತು.

ಹಾಗಾದ್ರೆ ಮೊದಲು ಕೇಳಿದ ಪ್ರಶ್ನೆ. ಗೆದ್ದರಾ, ಸೋತರಾ? ಶಾಲೆ ಉಳಿಸೋ ಪಂದ್ಯ ಸೋತರು, ಅದನ್ನ ಸಿಹಿ ಮಾಡಿ ಹೇಳೋದು ಬೇಡ. ಒಬ್ಬ ಮನುಷ್ಯ ಎಷ್ಟೇ ಒಳ್ಳೆಯವನಾದರೂ ಒಂದು ಸಂಸ್ಥೆಯ ಖರ್ಚನ್ನ ಹೆಗಲ ಮೇಲೆ ಹೊತ್ತು ಎಷ್ಟು ದಿನ ನಡೀತಾನೆ? ನಮ್ಮೂರಲ್ಲೂ ಒಬ್ಬ ಒಳ್ಳೇ ಪಿಟಿ ಮೇಷ್ಟ್ರ ಮೇಲೆ ಇಡೀ ಶಾಲೆಯ ಆಟ ನಿಂತಿರುತ್ತೆ. ಅವರು ನಿವೃತ್ತಿ ಆದ ದಿನ ಮೈದಾನದಲ್ಲಿ ಹುಲ್ಲು ಬೆಳೆಯೋಕೆ ಶುರು. ಅದು ಆ ಮೇಷ್ಟ್ರ ಸೋಲಲ್ಲ, ಅವರ ಬೆನ್ನಿಗೆ ನಿಲ್ಲದ ನಮ್ಮೆಲ್ಲರದು.

ಆದರೆ ಹರ್ಲಿ ಹಗಲೆಲ್ಲ ನೋಡ್ತಿದ್ದ ಫೈಲುಗಳ ಲೆಕ್ಕ ಇದೆಯಲ್ಲ, ಆ ಕಡೆಯಿಂದ ನೋಡಿದ್ರೆ ಚಿತ್ರ ಬೇರೆ. ಆ ಫೈಲುಗಳಲ್ಲಿ ಹೆಸರು ಬರಬೇಕಿದ್ದ ಎಷ್ಟೋ ಹುಡುಗರು ಇವತ್ತು ಟೀಚರ್, ಕೋಚ್, ಅಪ್ಪ ಆಗಿದ್ದಾರೆ. ಆ ಗೆಲುವುಗಳನ್ನ ಯಾವ ಪತ್ರಿಕೆಯೂ ಎಣಿಸಿಲ್ಲ. ಶಾಲೆ ಮುಚ್ಚಿದ ಮೇಲೂ ಹರ್ಲಿ ಜರ್ಸಿ ಸಿಟಿ ಮಕ್ಕಳಿಗೆ ಆಟ ಹೇಳಿಕೊಡೋದನ್ನ ನಿಲ್ಲಿಸಲಿಲ್ಲ.

ನಿಮ್ಮ ಶಾಲೆಯಲ್ಲೂ ಹೀಗೆ ಬೈದು, ಓಡಿಸಿ, ಕೊನೆಗೆ ನಿಮಗಾಗಿ ನಿಂತ ಮೇಷ್ಟ್ರು ಇದ್ದರಾ? ಇದ್ದರೆ ಇವತ್ತೇ ಒಂದು ಫೋನ್ ಮಾಡಿ.