ಶಾಲಾ ಶುಶ್ರೂಷಾ ಸೇವೆ

ಶಾಲೆಯಲ್ಲೇ ನರ್ಸ್ ಇದ್ದು ವಿದ್ಯಾರ್ಥಿಗಳ ಆರೋಗ್ಯ ನೋಡಿಕೊಳ್ಳುವ ವ್ಯವಸ್ಥೆ. ಇದರ ಅಗತ್ಯವನ್ನು ನ್ಯೂಯಾರ್ಕ್ ನಗರ ಅಂಕಿಗಳಲ್ಲೇ ತೋರಿಸಿಕೊಟ್ಟಿದೆ. ಅಲ್ಲಿನ ವೈದ್ಯರು ಟ್ರಕೋಮಾ ಎಂಬ ಕಣ್ಣಿನ ಸೋಂಕು, ಹುಳುಕಡ್ಡಿ, ಹೇನು ಕಂಡ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಚಿಕಿತ್ಸೆ ಮಾತ್ರ ಯಾರ ಹೊಣೆಯೂ ಆಗಿರಲಿಲ್ಲ. 1902ರ ಅಕ್ಟೋಬರ್‌ನಲ್ಲಿ ಸಮಾಜಸೇವಕಿ ಲಿಲಿಯನ್ ವಾಲ್ಡ್ ಕಳಿಸಿದ ನರ್ಸ್ ಲಿನಾ ರೋಜರ್ಸ್ ಶಾಲೆಯಲ್ಲೇ ಔಷಧ ಹಚ್ಚಿದರು, ಮನೆಗಳಿಗೂ ಹೋಗಿ ಆರೈಕೆ ಕಲಿಸಿದರು. ಅದಕ್ಕೂ ಮುನ್ನ, 1902ರ ಸೆಪ್ಟೆಂಬರ್‌ನಲ್ಲಿ, ಶಾಲೆಯಿಂದ ಹೊರಗುಳಿದ ಮಕ್ಕಳು 10,567. ಮರುವರ್ಷ ಅದೇ ತಿಂಗಳು 1,101.

ವರ್ಷಕ್ಕೊಮ್ಮೆ ತಪಾಸಣೆ ಸಾಲದೇ ಎಂಬ ಆಕ್ಷೇಪವಿದೆ. ಭಾರತದಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಇಂಥ ತಪಾಸಣೆಗೆ ಶಾಲೆಗೆ ಬರುತ್ತವೆ. ದೋಷ ಪತ್ತೆಗೆ ಅದು ನಿಜಕ್ಕೂ ಉಪಯುಕ್ತ. ಆದರೆ ಪ್ರೌಢಶಾಲೆಯ ಹುಡುಗಿಯ ಮುಟ್ಟಿನ ನೋವು, ಆಸ್ತಮಾದ ಉಬ್ಬಸ, ಮಧುಮೇಹಿಯ ಇನ್ಸುಲಿನ್ ತಂಡ ಬರುವ ದಿನಕ್ಕಾಗಿ ಕಾಯುವುದಿಲ್ಲ. ಖರ್ಚು ಹೆಚ್ಚೆನ್ನುವವರು ಗಮನಿಸಬೇಕು: ರೋಜರ್ಸ್ ಒಬ್ಬರೇ ನಾಲ್ಕು ಶಾಲೆಗಳಿಂದ ಕೆಲಸ ಆರಂಭಿಸಿದ್ದರು.