ನಾಗರಖಂಡದ ಕೆರೆ, ಕಾನು ಮತ್ತು ಅಭಯಸ್ಥಾನ

ಆನವಟ್ಟಿಯನ್ನು ನಡುವಿಗಿಟ್ಟು ಒಂದು ದಿನದ ಕಾಲ್ನಡಿಗೆಯಷ್ಟು ದೂರಕ್ಕೆ ವರ್ತುಲವನ್ನೆಳೆದರೆ ಬನವಾಸಿ, ಬಂದಳಿಕೆ, ಬಳ್ಳಿಗಾವಿ, ತಾಳಗುಂದ, ಕುಪ್ಪಟೂರುಗಳು ಅದರೊಳಗೆ ಬರುತ್ತವೆ. ಇಂದು ಇವು ಸೊರಬ, ಶಿಕಾರಿಪುರ, ಶಿರಸಿ ತಾಲ್ಲೂಕುಗಳ ಹಳ್ಳಿಗಳು. ಸಾವಿರ ವರ್ಷಗಳ ಹಿಂದೆ ಇವುಗಳಲ್ಲಿ ಕೆಲವು ರಾಜಧಾನಿಗಳು, ಕೆಲವು ವಿದ್ಯಾಕೇಂದ್ರಗಳು, ಕೆಲವು ವರ್ತಕರ ಪಟ್ಟಣಗಳು. ಬನವಾಸಿ ಪನ್ನಿರ್ಚ್ಛಾಸಿರದೊಳಗಿನ ಈ ಎಪ್ಪತ್ತು ಹಳ್ಳಿಗಳ ನಾಡನ್ನು ಶಾಸನಗಳು ‘ನಾಗರಖಂಡ’ವೆಂದು ಕರೆದಿವೆ. ಉಷ್ಣವಲಯದ ನಗರಗಳಲ್ಲಿ ಸಸ್ಯ ಮತ್ತು ಪ್ರಾಣಿವೈವಿಧ್ಯವನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಇಂದು ಜಗತ್ತಿನೆಲ್ಲೆಡೆ ಚರ್ಚೆಯಲ್ಲಿದೆ. ಹಳೆಯ ನಗರಗಳ ಈ ಗುಂಪು ಆ ಪ್ರಶ್ನೆಗೆ ಒಂದು ಚಾರಿತ್ರಿಕ ಹಿನ್ನೆಲೆಯನ್ನು ಒದಗಿಸುತ್ತದೆ.

ಈ ನಾಡಿನ ಚರಿತ್ರೆ ಒಂದು ಮರದಿಂದಲೇ ಆರಂಭವಾಗುತ್ತದೆ ಎನ್ನಬಹುದು. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದ ಪ್ರಕಾರ, ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವನ್ನು ಪೋಷಿಸಿದ ಬ್ರಾಹ್ಮಣ ಕುಲಕ್ಕೆ ಆ ಮರದ ಹೆಸರೇ ಅಂಟಿಕೊಂಡಿತು. ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜವಂಶದ ಹೆಸರು ಹಿತ್ತಿಲಿನ ಮರದ್ದು. ಆದರೆ ಕವಿ ಕುಬ್ಜನು ಆ ಕಾವ್ಯವನ್ನು ರಚಿಸಿದ್ದು ಮರದ ನೆನಪಿಗಾಗಿ ಅಲ್ಲ, ಒಂದು ಕೆರೆಯ ನೆನಪಿಗಾಗಿ. ಕಾಕುಸ್ಥವರ್ಮನು ತಾಳಗುಂದದ ಶಿವಾಲಯದ ಬಳಿ ಕಟ್ಟಿಸಿದ ತಟಾಕವನ್ನು ದಾಖಲಿಸುವುದೇ ಆ ಶಾಸನದ ಉದ್ದೇಶ. ಅದು ಕಲ್ಲಿಗಿಳಿದದ್ದು ಅವನ ಮಗ ಶಾಂತಿವರ್ಮನ ಕಾಲದಲ್ಲಿ. ಹೀಗೆ ವಂಶದ ಉತ್ಪತ್ತಿಯಲ್ಲಿ ಮರ, ಕೀರ್ತಿಯಲ್ಲಿ ಕೆರೆ ಒಂದೇ ಕಂಬದ ಮೇಲೆ ಸೇರಿಕೊಂಡವು.

ಐದು ಶತಮಾನಗಳ ತರುವಾಯ, ಕ್ರಿ.ಶ. 941ರ ಸುಮಾರಿಗೆ, ಜೈನಕವಿ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿ ದೇಶವನ್ನು ನೆನೆದ ಬಗೆ ಪ್ರಸಿದ್ಧವಾದುದು. ಅಲ್ಲಿನ ತ್ಯಾಗಭೋಗಗಳನ್ನು ಹೊಗಳಿದ ಕವಿ, ಮನುಷ್ಯಜನ್ಮ ದೊರೆಯದಿದ್ದರೂ ಚಿಂತೆಯಿಲ್ಲ, ಆ ನಾಡಿನ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂಬ ಹಂಬಲವನ್ನು ಅರ್ಜುನನ ಬಾಯಿಂದ ಆಡಿಸುತ್ತಾನೆ. ಇದನ್ನು ಬರಿಯ ಕವಿಸಮಯವೆಂದು ಬದಿಗಿಡುವುದು ಸುಲಭ. ಆದರೆ ಕರ್ಮಾನುಸಾರವಾಗಿ ಜೀವನು ಯಾವ ಯೋನಿಯಲ್ಲಾದರೂ ಹುಟ್ಟಬಹುದೆಂಬ ತತ್ತ್ವವನ್ನು ಬಲ್ಲ ಜೈನಕವಿಯ ಬಾಯಲ್ಲಿ ಈ ಮಾತಿಗೆ ಬೇರೆಯ ತೂಕವಿದೆ. ಊರೆಂದರೆ ಮನುಷ್ಯರಿಗೆ ಮಾತ್ರ ಮೀಸಲಾದ ಎಡೆಯಲ್ಲ. ದುಂಬಿಯಾಗಿ ಹುಟ್ಟಿದವನಿಗೂ ಅಲ್ಲಿ ಬಾಳುವೆಯುಂಟು ಎಂಬ ಗ್ರಹಿಕೆ ಅದರ ಹಿಂದಿದೆ.

ಈ ಗ್ರಹಿಕೆ ಕಾವ್ಯದಿಂದಾಚೆಗೆ ಸಂಸ್ಥೆಯ ರೂಪ ಪಡೆದುದು ಬಳ್ಳಿಗಾವಿಯಲ್ಲಿ. ಶೈವ, ವೈಷ್ಣವ, ಜೈನ, ಬೌದ್ಧ ಧರ್ಮಗಳಿಗೆಲ್ಲ ನೆಲೆಯಿದ್ದ ಆ ಪಟ್ಟಣದ ಕೆರೆಯ ಕೋಡಿಯ ಬಳಿ ಕಾಳಾಮುಖ ಯತಿಗಳ ಕೋಡಿಯಮಠವಿತ್ತು. ಅದರ ದೇವಾಲಯವೇ ದಕ್ಷಿಣ ಕೇದಾರವೆನಿಸಿದ ಕೇದಾರೇಶ್ವರ. ಕಲಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವು ಈ ಮಠದ ಕಾರ್ಯಗಳನ್ನು ಸಾಲಾಗಿ ಎಣಿಸುತ್ತದೆ. ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ವ್ಯಾಖ್ಯಾನಕ್ಕೆ ಅದು ಎಡೆ. ದೀನರು, ಅನಾಥರು, ಕುರುಡರು, ಕುಂಟರಿಗೆ ಅನ್ನ ನೀಡುವ ತಾಣ. ರೋಗಿಗಳ ಚಿಕಿತ್ಸೆಯ ಸ್ಥಾನ. ಪಟ್ಟಿಯ ಕೊನೆಯಲ್ಲಿ ಬರುವುದು ಸಕಲ ಭೂತಗಳಿಗೂ ಅಭಯವನ್ನೀಯುವ ಸ್ಥಾನವೆಂಬ ವಿಶೇಷಣ. ಶಾಲೆ, ಅನ್ನಸತ್ರ, ಆಸ್ಪತ್ರೆಗಳ ಸಾಲಿನಲ್ಲಿಯೇ ಜೀವರಾಶಿಯ ಅಭಯವನ್ನೂ ಇರಿಸಿದ್ದು ಗಮನಾರ್ಹ. ನಗರವು ತನ್ನ ನಿವಾಸಿಗಳಿಗೆ ಒದಗಿಸಬೇಕಾದ ಸೌಲಭ್ಯಗಳಲ್ಲಿ ಅದೂ ಒಂದೆಂದು ಶಾಸನಕವಿ ಭಾವಿಸಿದ್ದಾನೆ.

ಬಳ್ಳಿಗಾವಿಯ ಜೈನ ಪರಂಪರೆಯೂ ಇದಕ್ಕೆ ದೂರವಾಗಿರಲಿಲ್ಲ. ಸುಕುಮಾರಚರಿತೆಯ ಕವಿ ಶಾಂತಿನಾಥನ ಪ್ರೇರಣೆಯಿಂದ ಲಕ್ಷ್ಮಣರಾಜನು ಅಲ್ಲಿನ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು 1068ರಲ್ಲಿ. ಅದಕ್ಕೆ ಮೊದಲು ಆ ಬಸದಿ ಮರದ್ದಾಗಿತ್ತು. ಬಂದಳಿಕೆಯಲ್ಲಿಯೂ ಶಾಂತಿನಾಥ ಬಸದಿಯುಂಟು. ನಾಗರಖಂಡದ ಆಡಳಿತ ನಡೆಸಿ, ಹತ್ತನೆಯ ಶತಮಾನದ ಆದಿಯಲ್ಲಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹಬಿಟ್ಟ ಜಕ್ಕಿಯಬ್ಬೆಯ ನೆನಪು ಆ ಸ್ಥಳದೊಂದಿಗೆ ಬೆರೆತಿದೆ. ಆನವಟ್ಟಿಗೆ ತೀರ ಸಮೀಪದ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ 1077ರಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿದಳು. ಅಗ್ರಹಾರದ ಬ್ರಾಹ್ಮಣರು ಅದನ್ನು ಬ್ರಹ್ಮಜಿನಾಲಯವೆಂದು ಕರೆದರು. ಶಾಂತಿನಾಥನ ಲಾಂಛನ ಜಿಂಕೆ, ಪಾರ್ಶ್ವನಾಥನದು ಸರ್ಪ. ಜೈನದರ್ಶನವು ಗಿಡಮರಗಳನ್ನಷ್ಟೇ ಅಲ್ಲದೆ ಮಣ್ಣು ನೀರುಗಳನ್ನೂ ಏಕೇಂದ್ರಿಯ ಜೀವಗಳ ಕಾಯವೆಂದು ಎಣಿಸುತ್ತದೆ. ಕೆರೆಯ ನೀರನ್ನು ಸೋಸಿ ಬಳಸುವ ಶ್ರಾವಕನಿಗೆ ಆ ನೀರು ಸಂಪನ್ಮೂಲವಷ್ಟೇ ಅಲ್ಲ, ಜೀವಗಳ ಮನೆಯೂ ಹೌದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಾಸನಗಳು ದಾನವನ್ನು ದಾಖಲಿಸುತ್ತವೆಯೇ ಹೊರತು ಹಕ್ಕಿಗಳ ಎಣಿಕೆಯನ್ನಲ್ಲ. ಈ ನಗರಗಳ ಸೌದೆ, ಮರಮುಟ್ಟು, ಗದ್ದೆ, ಅಡಕೆಯ ತೋಟಗಳೆಲ್ಲ ಕಾಡಿನ ವೆಚ್ಚದಲ್ಲಿಯೇ ಬಂದವು. ಅರಸರು ಕೆರೆ ಕಟ್ಟಿಸಿದ್ದು ಬೆಳೆಗಾಗಿ, ಪುಣ್ಯಕ್ಕಾಗಿ, ಕೊಕ್ಕರೆಗಳಿಗಾಗಿ ಅಲ್ಲ. ಆದರೂ ಕೆರೆಯ ಹೂಳೆತ್ತಲು, ಏರಿಯನ್ನು ಕಾಯಲು ಭೂಮಿಯನ್ನು ಬಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ನಡೆಯಿತು. ನೀರು ನಿಂತಿತು, ನೀರು ನಿಂತಲ್ಲಿ ಮೀನು, ಕಪ್ಪೆ, ಜೊಂಡು, ಹಕ್ಕಿಗಳು ತಾವಾಗಿ ಬಂದವು. ವೈವಿಧ್ಯವು ಈ ನಿರ್ವಹಣೆಯ ಗುರಿಯಾಗಿರಲಿಲ್ಲ, ಫಲವಾಗಿತ್ತು. ನಿರ್ವಹಣೆ ನಿಂತರೆ ಫಲವೂ ನಿಲ್ಲುತ್ತದೆ ಎಂಬುದೇ ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿ.

ಕೆರೆಯ ಜೊತೆಗಿದ್ದ ಎರಡನೆಯ ವ್ಯವಸ್ಥೆ ಕಾನು. ಎಲೆಯುದುರುವ ಕಾಡು ಮತ್ತು ಬಯಲುಗಳ ನಡುವೆ ದ್ವೀಪಗಳಂತೆ ಉಳಿದ ನಿತ್ಯಹರಿದ್ವರ್ಣ ವನಗಳಿಗೆ ಸೊರಬ, ಸಾಗರ, ಸಿದ್ದಾಪುರಗಳಲ್ಲಿ ಈ ಹೆಸರು. ಕಾನಿನೊಳಗೆ ಗ್ರಾಮದೇವತೆ ಇರುತ್ತಿದ್ದಳು. ಮರ ಕಡಿಯುವುದಕ್ಕೆ ನಿಷೇಧವಿತ್ತು. ಆದರೆ ಕಾಳುಮೆಣಸು, ಬಗನಿ, ಜೇನು, ದಾಲ್ಚಿನ್ನಿಗಳನ್ನು ಹಳ್ಳಿಯವರು ಪಡೆಯುತ್ತಿದ್ದರು. ತೊರೆಗಳ ಹುಟ್ಟು ಹಲವೆಡೆ ಕಾನಿನಲ್ಲಿಯೇ. ಮೇಲೆ ಕಾನು, ನಡುವೆ ಕೆರೆ, ಕೆಳಗೆ ಗದ್ದೆ ಎಂಬ ಈ ಮೆಟ್ಟಿಲುಸಾಲಿನಲ್ಲಿ ಒಂದು ಕುಸಿದರೆ ಉಳಿದೆರಡೂ ಕುಸಿಯುತ್ತವೆ. 1868ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದಾಗ ಅವುಗಳ ಸಂಖ್ಯೆ 171, ಒಟ್ಟು ವಿಸ್ತಾರ 32,594 ಎಕರೆ. ಒಂದೇ ತಾಲ್ಲೂಕಿನಲ್ಲಿ ಇಷ್ಟು ರಕ್ಷಿತ ವನಗಳು ಕಾನೂನಿನ ಪುಸ್ತಕವಿಲ್ಲದೆ ಉಳಿದಿದ್ದವು. ಆಮೇಲಿನ ನೂರೈವತ್ತು ವರ್ಷಗಳಲ್ಲಿ ಸರ್ಕಾರಿ ಅರಣ್ಯನೀತಿ, ಸಾಗುವಳಿ, ಅಕೇಶಿಯಾದಂಥ ಏಕಜಾತಿಯ ನೆಡುತೋಪುಗಳು ಕಾನುಗಳನ್ನು ತುಂಡರಿಸಿದವು. ಹಳ್ಳಿಯ ಹಕ್ಕು ಕಳಚಿದಲ್ಲಿ ಹಳ್ಳಿಯ ಹೊಣೆಯೂ ಸಡಿಲವಾಯಿತು.

ಉಳಿಕೆಗೂ ನಿದರ್ಶನಗಳಿವೆ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಮಳೆಗಾಲದಲ್ಲಿ ತುಂಬುವ ಕೆರೆಯ ನೀರೊಳಗೆ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡುಕಟ್ಟುತ್ತವೆ. 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಆ ತಾಣದ ವಿಸ್ತಾರ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಆದರೆ ಅಲ್ಲಿ ಮರಿಮಾಡುವ ಹಕ್ಕಿಗಳು ಮೇವು ತರುವುದು ಸುತ್ತಲಿನ ಗದ್ದೆ, ಕೆರೆ, ಹಳ್ಳಗಳಿಂದ. ಧಾಮಕ್ಕೆ ಬೇಲಿ ಹಾಕಬಹುದು, ಮೇವಿನ ನೆಲೆಗೆ ಹಾಕಲಾಗದು. ನಾಡೇ ಅವುಗಳ ಧಾಮ. ಬಂದಳಿಕೆಯದು ಇನ್ನೊಂದು ಬಗೆ. ಜನ ತೊರೆದ ಆ ಪಟ್ಟಣವನ್ನು ಕಾಡೇ ಮರಳಿ ಪಡೆಯಿತು. ಬಸದಿ ದೇಗುಲಗಳು ಇಂದು ಮರಗಳ ನಡುವೆ ನಿಂತಿವೆ.

ನಗರಗಳ ಜೀವವೈವಿಧ್ಯವನ್ನು ಅಳೆಯುವ ಸಿಂಗಪುರ ಸೂಚ್ಯಂಕವು ರೂಪುಗೊಂಡದ್ದು ಈ ಶತಮಾನದಲ್ಲಿ. ಸ್ಥಳೀಯ ಪ್ರಭೇದಗಳೆಷ್ಟು, ಅವು ಒದಗಿಸುವ ಸೇವೆಗಳೇನು, ಆಡಳಿತ ಅವುಗಳಿಗಾಗಿ ಏನು ಮಾಡಿದೆ ಎಂಬುವು ಅದರ ಪ್ರಶ್ನೆಗಳು. ಭಾರತದ 2002ರ ಜೀವವೈವಿಧ್ಯ ಕಾಯಿದೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಲು ಅವಕಾಶ ಕಲ್ಪಿಸಿದೆ. ಅದೇ ಕಾಯಿದೆಯಡಿ 2007ರಲ್ಲಿ ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಬೆಂಗಳೂರು ವಿಮಾನ ನಿಲ್ದಾಣದ ದಿಕ್ಕಿನಲ್ಲಿ ಹಬ್ಬುತ್ತಿರುವಾಗ ಆ ಮುದಿ ಹುಣಸೆಮರಗಳು ಉಳಿದದ್ದು ಸಣ್ಣ ಮಾತಲ್ಲ.

ಆನವಟ್ಟಿಯಂಥ ಬೆಳೆಯುವ ಪೇಟೆಗಳಿಗೆ ಮಹಾನಗರಗಳಿಗಿಲ್ಲದ ಒಂದು ಅನುಕೂಲವಿದೆ. ಕಳೆದುಕೊಂಡದ್ದನ್ನು ಮರಳಿ ಕಟ್ಟುವ ಕೆಲಸ ಮಹಾನಗರದ್ದು. ಇರುವುದನ್ನು ಬಿಟ್ಟುಕೊಡದಿರುವ ಕೆಲಸ ಇವುಗಳದು. ಕೆರೆಯಂಗಳ, ಕೋಡಿಯ ಹಳ್ಳ, ಊರಂಚಿನ ಕಾನು ಇನ್ನೂ ಗುರುತಿಸಬಹುದಾದ ಸ್ಥಿತಿಯಲ್ಲಿರುವಾಗಲೇ ಅವುಗಳ ಎಲ್ಲೆಯನ್ನು ದಾಖಲೆಗೆ ತರಬೇಕಾಗಿದೆ. ನಾಗರಖಂಡದ ಶಾಸನಕಾರರು ದತ್ತಿಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಕಲ್ಲಿನಲ್ಲಿ ಬರೆದು, ಕೆಡಿಸಿದವರಿಗೆ ಶಾಪವನ್ನೂ ಸೇರಿಸುತ್ತಿದ್ದರು. ಶಾಪಕ್ಕೆ ಇಂದು ಹೆದರುವವರಿಲ್ಲ. ಎಲ್ಲೆಯನ್ನು ಬರೆದಿಡುವ ವಿವೇಕವನ್ನಾದರೂ ಅವರಿಂದ ಪಡೆಯಬಹುದು. ಬಳ್ಳಿಗಾವಿಯ ಮಠವು ಜೀವರಾಶಿಗೆ ನೀಡಿದ ಅಭಯವು ಆಗ ಶಾಸನದ ಮಾತಾಗಿ ಮಾತ್ರ ಉಳಿಯಲಾರದು.