ಗಣೇಶಖಿಂಡದ ಗೋಪುರ ಮತ್ತು ಕಾರವಾರದ ಬಂದರು

ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದ ಗೋಪುರವನ್ನು ಪುಣೆಯ ಕನ್ನಡಿಗರಾದ ನಾವೆಲ್ಲ ಬಲ್ಲೆವು. ಮುಂಬಯಿ ಗವರ್ನರರ ಮಳೆಗಾಲದ ನಿವಾಸಕ್ಕಾಗಿ ೧೮೬೪ರಲ್ಲಿ ಆ ಕಟ್ಟಡದ ಕೆಲಸ ಆರಂಭವಾಯಿತು. ಅದೇ ವರ್ಷ ಕಾರವಾರದ ಎದುರಿನ ದ್ವೀಪದಲ್ಲಿ ದೀಪಸ್ತಂಭ ಬೆಳಗಿತು. ಎರಡೂ ಹತ್ತಿಯ ಸುಗ್ಗಿಕಾಲದ ಕೆಲಸಗಳೇ. ಆದರೆ ಅವುಗಳ ಹಣೆಬರಹ ಬೇರೆ ಬೇರೆಯಾಯಿತು.

೧೮೬೧ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಧಾರವಾಡ ಮುಂಬಯಿ ಇಲಾಖೆಯಲ್ಲಿ, ಅದಕ್ಕೆ ಹತ್ತಿರದ ಕಾರವಾರ ಮದ್ರಾಸ್ ಇಲಾಖೆಯಲ್ಲಿ! ಒಂದೇ ದಾರಿಗೆ ಇಬ್ಬರು ಯಜಮಾನರು. ಆದ್ದರಿಂದ ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಮ್ಯಾಂಚೆಸ್ಟರಿನ ಕಂಪನಿಯೊಂದು ಸದಾಶಿವಗಡಕ್ಕೆ ಯಂತ್ರಗಳನ್ನೂ ಕಳಿಸಿತು. ಘಟ್ಟದ ರಸ್ತೆ ಮಾತ್ರ ಇನ್ನೂ ಸಿದ್ಧವಿರಲಿಲ್ಲ.

೧೮೬೫ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯ ಷೇರು ಕಂಪನಿಗಳು ಒಂದರ ಹಿಂದೊಂದು ಮುಳುಗಿದವು. ೧೮೬೮ರಲ್ಲಿ ಬ್ಯಾಂಕ್ ಆಫ್ ಬಾಂಬೆಯೂ ಬಾಗಿಲು ಹಾಕಿತು. ಇಂಥ ಮುಗ್ಗಟ್ಟಿನಲ್ಲಿ ಬಂದರಿಗೆ ಹಣ ಎಲ್ಲಿಂದ?

ಈ ದೇಶಕ್ಕೆ ಬಜೆಟ್ ಪದ್ಧತಿ ಬಂದದ್ದೇ ೧೮೬೦ರಲ್ಲಿ, ಜೇಮ್ಸ್ ವಿಲ್ಸನ್ನನಿಂದ. ಮುಂದೆ ಹತ್ತು ವರ್ಷ ಪ್ರಾಂತಗಳಿಗೆ ಸ್ವಂತ ತಿಜೋರಿ ಇರಲಿಲ್ಲ. ಖರ್ಚಿಗೆ ಕಲಕತ್ತೆಯ ಮಂಜೂರಾತಿ ಬೇಕಾಗಿತ್ತು. ೧೮೭೦ರಲ್ಲಿ ಲಾರ್ಡ್ ಮೇಯೋ ರಸ್ತೆ ಮುಂತಾದ ಕೆಲವು ಬಾಬುಗಳನ್ನು ಪ್ರಾಂತಗಳಿಗೆ ಬಿಟ್ಟುಕೊಟ್ಟ. ಸರಕಾರಿ ಕಾರಕೂನರಾದ ನಾವು ಇದರ ಒಳಗುಟ್ಟು ಬಲ್ಲೆವು. ಕಡಿತದ ಕತ್ತರಿ ಮೊದಲು ಬೀಳುವುದು ಕಾಗದದ ಮೇಲಿರುವ ಯೋಜನೆಗಳ ಮೇಲೆ. ಗೋಡೆ ಎದ್ದ ಕೆಲಸಕ್ಕೆ 'ಇಷ್ಟು ಖರ್ಚಾಗಿದೆಯಲ್ಲ' ಎಂಬ ಸಮರ್ಥನೆ ಸಿಗುತ್ತದೆ. ಗಣೇಶಖಿಂಡದಲ್ಲಿ ಗೋಡೆಗಳು ಎದ್ದಿದ್ದವು. ಅದರ ದುಂದುವೆಚ್ಚ ಇಂಗ್ಲೆಂಡಿನಲ್ಲಿಯೂ ಟೀಕೆಗೆ ಗುರಿಯಾಯಿತು. ಆದರೂ ೧೮೭೧ರಲ್ಲಿ ಕಟ್ಟಡ ಮುಗಿಯಿತು. ಕಾರವಾರ-ಹುಬ್ಬಳ್ಳಿ ರೈಲು ಕಾಗದದಲ್ಲಿಯೇ ಉಳಿಯಿತು.

ಆದರೂ ಕಾರವಾರ ಕೈಚೆಲ್ಲಲಿಲ್ಲ. ಅರಬೈಲು ಘಟ್ಟ ಇಳಿದು ಹತ್ತಿಯ ಗಾಡಿಗಳು ಬರುತ್ತಿದ್ದವು. ಅಷ್ಟರಲ್ಲಿ ನೆರೆಯ ಗೋವೆಯಲ್ಲಿ ಪೋರ್ಚುಗೀಜ್ ಸರಕಾರ ಬಡ್ಡಿಯ ಖಾತರಿ ಕೊಟ್ಟು, ಇಂಗ್ಲಿಷ್ ಬಂಡವಾಳದಿಂದ ಮುರಗಾವಿ ಬಂದರನ್ನೂ ರೈಲನ್ನೂ ಮಾಡಿಸಿತು. ೧೮೮೮ರ ಹೊತ್ತಿಗೆ ಆ ರೈಲು ಘಟ್ಟ ಹತ್ತಿ ಬ್ರಿಟಿಷ್ ಸೀಮೆಯ ಹಳಿಗಳನ್ನು ಕೂಡಿತು. ಧಾರವಾಡದ ಹತ್ತಿ ಆ ದಾರಿ ಹಿಡಿಯಿತು. ಕಾರವಾರದ ವ್ಯಾಪಾರ ಸೊರಗಿತು.

ಬಜೆಟ್ಟಿನ ಪುಸ್ತಕದಲ್ಲಿ ಉಳಿತಾಯದ ಲೆಕ್ಕವಿರುತ್ತದೆ. ಉಳಿಸಿದ್ದರಿಂದ ಕಳೆದುಕೊಂಡದ್ದಕ್ಕೆ ಕಾಲಂ ಇರುವುದಿಲ್ಲ. ೧೯೯೦ರ ದಶಕದಲ್ಲಿ ಕೊಂಕಣ ರೈಲು ಕಾರವಾರಕ್ಕೆ ಬಂತು ನಿಜ. ಆದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಾದ ಅಂಕೋಲೆಯ ಹಳಿ ಇಂದಿಗೂ ಪೂರ್ಣಗೊಂಡಿಲ್ಲ. ಗಣೇಶಖಿಂಡದ ಗೋಪುರ ಕಂಡಾಗಲೆಲ್ಲ, ಅದೇ ಕಾಲದಲ್ಲಿ ಕೈತಪ್ಪಿದ ಆ ಹಳಿಯ ನೆನಪೂ ನಮಗಾಗಲಿ.